ತ್ರಾಸ ಐತ್ರಿ ಅಂದವಳಿಗೆ ಮೊದಲು ವಕೀಲರ ನಂಬರ್ ಕೊಡಿ

ಗುಂಪಿನ ಎಲ್ಲ ಅಕ್ಕ-ತಂಗಿಯರಿಗೂ ಅಣ್ಣ-ತಮ್ಮಂದಿರಿಗೂ ನಮಸ್ಕಾರ.

ಹೋದ ವಾರ ಇಲ್ಲಿ ಒಬ್ಬರು ಕೇಳಿದ್ದರು. "ನನ್ನ ಗೆಳತಿ ಡಿಪೆಂಡೆಂಟ್ ವೀಸಾ ಮೇಲೆ ಬಂದಿದ್ದಾಳೆ. ಮನೆಯಲ್ಲಿ ಹೊಡೆತ ಬಡಿತ. ಕೈಯಲ್ಲಿ ದುಡ್ಡಿಲ್ಲ. ವಕೀಲರನ್ನು ಹೇಗೆ ಹಿಡಿಯೋದು?" ಕೆಳಗೆ ತುಂಬಾ ಉತ್ತರ ಬಂದವು. ಮುಕ್ಕಾಲು ಪಾಲು ಒಂದೇ ಮಾತು: ಹಿರಿಯರನ್ನು ಕೂರಿಸಿ ಮಾತಾಡಿಸಿ, ಮಗುವಿನ ಮುಖ ನೋಡಿ ಸ್ವಲ್ಪ ಸಹಿಸಿಕೊಳ್ಳಲಿ. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಈಗ ರಜೆಗೆ ಸಿಂಧನೂರಿಗೆ ಬಂದಿದ್ದೇನೆ. ಈ ಒಂದು ತಿಂಗಳಲ್ಲಿ ಮೂರು ಸಲ ರಾಯಚೂರಿನ ಕೋರ್ಟಿಗೆ ಹೋಗಿ ಬಂದಿದ್ದೇನೆ. ನನಗಾಗಿ ಅಲ್ಲ, ನಮ್ಮ ಓಣಿಯ ಹುಡುಗಿಗಾಗಿ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರ ಬಿಟ್ಟಿದ್ದೇನೆ.

ಗಂಡ ಅಮೆರಿಕದಲ್ಲಿ ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿದ್ದಾನೆ, ಇವಳದು ಗಂಡನ ವೀಸಾ ಮೇಲೆ ಸಿಗುವ ಎಚ್-4. ಮಗಳಿಗೆ ಈಗ ನಾಲ್ಕು ವರ್ಷ. "ಎರಡು ತಿಂಗಳು ತವರಿನಲ್ಲಿ ಇದ್ದು ಬಾ" ಅಂತ ಗಂಡನೇ ಜೊತೆಗೆ ಬಂದು ಬಿಟ್ಟು ಹೋದ. ಹೋಗುವಾಗ ತಾಯಿ ಮಗಳ ಪಾಸ್‌ಪೋರ್ಟ್ ಎರಡೂ ಅವನ ಬ್ಯಾಗಿನಲ್ಲಿ ಹೋದವು. ಮೂರು ವಾರಕ್ಕೆ ಅಲ್ಲಿಯ ಕೋರ್ಟಿನ ಡಿವೋರ್ಸ್ ಕಾಗದ ಈಮೇಲಿನಲ್ಲಿ ಬಂತು.

ಎರಡು ವರ್ಷದ ಹಿಂದೆ ಯುಗಾದಿಗೆ ಇವರಿಬ್ಬರೂ ನ್ಯೂಜೆರ್ಸಿಯ ನಮ್ಮ ಮನೆಗೆ ಬಂದಿದ್ದರು. ಅವನು ಹಾಲ್‌ನಲ್ಲಿ ಕೂತಿದ್ದ. ಇವಳು ಒಲೆಯ ಹತ್ತಿರ ನನ್ನ ಪಕ್ಕ ನಿಂತು "ಸ್ವಲ್ಪ ತ್ರಾಸ ಐತ್ರಿ ಅಕ್ಕಾ" ಅಂದಳು. "ಹೊಸ ದೇಶ, ಚಳಿ, ಎಲ್ಲರಿಗೂ ಹಾಗೇ ಆಗುತ್ತೆ" ಅಂದುಬಿಟ್ಟೆ ನಾನು. ನಮ್ಮ ಕಡೆ ತ್ರಾಸ ಅನ್ನುವ ಒಂದೇ ಪದದಲ್ಲಿ ಜ್ವರವೂ ಇದೆ, ಸಾಲವೂ ಇದೆ, ಏಟೂ ಇದೆ. "ಬಡಿತಾನ" ಅಂತ ಹೆಣ್ಣುಮಗಳು ಬಾಯಿಬಿಟ್ಟು ಹೇಳುವುದಿಲ್ಲ. ತ್ರಾಸ ಅಂತಾಳೆ, ಅಂದು ನಿಮ್ಮ ಮುಖ ನೋಡುತ್ತಾಳೆ. ನಾನು ಆವತ್ತು ಹಂಚಿನ ಮೇಲಿನ ಹೋಳಿಗೆ ನೋಡುತ್ತಿದ್ದೆ. "ಎಂಥಾ ತ್ರಾಸವ್ವಾ?" ಅಂತ ಕೇಳಲಿಲ್ಲ.

ಕೇಳಿದ್ದರೆ ಏನು ಮಾಡಬಹುದಿತ್ತು ಅನ್ನುವುದನ್ನು ಈಗ ಕಲಿತೆ. ನ್ಯೂಜೆರ್ಸಿಯಲ್ಲಿ ಹೊಡೆತ ತಿಂದವಳು ಕೋರ್ಟಿಗೆ ಹೋದರೆ ಅದೇ ದಿನ ತಾತ್ಕಾಲಿಕ ರಕ್ಷಣಾ ಆದೇಶ ಸಿಗಬಹುದು. 10 ದಿನದೊಳಗೆ ಪೂರ್ತಿ ವಿಚಾರಣೆಯ ತಾರೀಖು ಕೊಡುತ್ತಾರೆ. ಕೋರ್ಟ್ ಮುಚ್ಚಿದ ಹೊತ್ತಿನಲ್ಲಿ ಪೊಲೀಸ್ ಠಾಣೆಯ ಮೂಲಕ ಕೇಳಬಹುದು. ಇದಕ್ಕೆ ಶುಲ್ಕ ಇಲ್ಲ, ವೀಸಾ ಯಾವುದು ಅನ್ನುವುದು ಅಡ್ಡ ಬರುವುದಿಲ್ಲ. ಅಲ್ಲಿ ಮಾನವಿ ಅನ್ನುವ ಸಂಸ್ಥೆ 1985ರಿಂದ ನಮ್ಮಂಥ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಕೆಲಸ ಮಾಡುತ್ತಿದೆ. ನ್ಯೂಯಾರ್ಕಿನಲ್ಲಿ ಸಖಿ ಇದೆ, ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮೈತ್ರಿ ಇದೆ, ಹ್ಯೂಸ್ಟನ್‌ನಲ್ಲಿ ದಯಾ ಇದೆ. ಅಮೆರಿಕದ ಯಾವ ಮೂಲೆಯಿಂದಲಾದರೂ ಹಗಲು ರಾತ್ರಿ ಕೌಟುಂಬಿಕ ದೌರ್ಜನ್ಯದ ಸಹಾಯವಾಣಿ 1-800-799-7233ಕ್ಕೆ ಫೋನ್ ಮಾಡಬಹುದು. ಸರ್ಕಾರದ ಹಣದಲ್ಲಿ ನಡೆಯುವ ಕಾನೂನು ನೆರವಿನ ಕಚೇರಿಗಳು ಸಾಮಾನ್ಯವಾಗಿ ವೀಸಾ ನೋಡುತ್ತವೆ. ಆದರೆ ಮನೆಯಲ್ಲಿ ದೌರ್ಜನ್ಯ ಅನುಭವಿಸಿದವರಿಗೆ ವೀಸಾ ನೋಡದೆ ನೆರವು ಕೊಡಲು ನಿಯಮ ಬಿಡುತ್ತದೆ. ಹನ್ನೊಂದು ವರ್ಷ ಅಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ.

ವೀಸಾ ವಿಚಾರದಲ್ಲಿ ಎಲ್ಲರ ಸ್ಥಿತಿ ಒಂದೇ ಅಲ್ಲ. ಗಂಡ ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್‌ನವನಾದರೆ, 1994ರ ವಾವಾ (ಹೆಂಗಸರ ಮೇಲಿನ ದೌರ್ಜನ್ಯ ತಡೆಯುವ) ಕಾಯ್ದೆ ಕೆಳಗೆ ಹೆಂಡತಿ ಅವನಿಗೆ ಗೊತ್ತಾಗದಂತೆ ಕಾಯಂ ವಾಸಕ್ಕಾಗಿ ತಾನೇ ಅರ್ಜಿ ಹಾಕಬಹುದು. ಎಚ್-1ಬಿ ಗಂಡನ ಹೆಂಡತಿಗೆ ಆ ದಾರಿ ಇಲ್ಲ. ಆದರೆ ದೌರ್ಜನ್ಯಕ್ಕೆ ಒಳಗಾದ ಎಚ್-4 ಹೆಂಡತಿ ತನ್ನದೇ ಕೆಲಸದ ಪರವಾನಗಿ ಕೇಳಲು ಐ-765ವಿ ಅಂತ ಬೇರೆ ಫಾರಂ ಇದೆ. ಪೊಲೀಸರಿಗೆ ಸಹಕರಿಸಿದವರಿಗೆ ಯು ವೀಸಾ ಇದೆ. ಅದು ವರ್ಷಕ್ಕೆ 10,000 ಮಾತ್ರ, ಹಾಗಾಗಿ ವರ್ಷಗಟ್ಟಲೆ ಕಾಯಬೇಕು. ಇನ್ನೊಂದು ಮಾತು. ಡಿವೋರ್ಸ್ ಆದರೆ ಎಚ್-4 ಅಲ್ಲಿಗೇ ಮುಗಿಯಿತು. ಅದಕ್ಕೇ ವಲಸೆ ಕಾನೂನು ಗೊತ್ತಿರುವ ವಕೀಲರನ್ನು ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಬಾರದು.

ಈಗ ರಾಯಚೂರಿನ ಮಾತು. ಪುಕ್ಕಟೆ ವಕೀಲರನ್ನು ಕೊಡುವ ಕಾನೂನು ಸೇವಾ ಸಮಿತಿ ಸಿಂಧನೂರು ತಾಲೂಕು ಕೋರ್ಟಿನಲ್ಲೂ ಇದೆ. ಆದರೆ ಅಲ್ಲಿ ಎಲ್ಲರೂ ಗುರುತಿನವರು. "ಕೋರ್ಟಿಗೆ ಬಂದಾಳ ಅಂತ ಸಂಜಿಗೆ ಊರೆಲ್ಲಾ ಗೊತ್ತಾಗತೈತಿ" ಅಂತ ಅವಳ ಅವ್ವ ಹೆದರಿದರು. ಅದಕ್ಕೇ ಬಸ್ ಹತ್ತಿ ರಾಯಚೂರಿಗೆ ಹೋದೆವು. ಜಿಲ್ಲಾ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇರುತ್ತದೆ. ಬಳ್ಳಾರಿ, ಕೊಪ್ಪಳದಲ್ಲೂ ಹಾಗೇ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಅಲ್ಲಿ ವಕೀಲರು ಉಚಿತ. ಆದಾಯದ ಮಿತಿ ಇಲ್ಲ. "ನಿಮ್ಮ ಅಳಿಯ ಅಮೆರಿಕದಾಗ ಅದಾನ, ನಿಮಗ್ಯಾಕ ಪುಕ್ಕಟೆ ವಕೀಲರು" ಅಂತ ಅವರ ಸಂಬಂಧಿಕರೊಬ್ಬರು ಹೇಳಿದ್ದರು. ಅದು ತಪ್ಪು. ಗಂಡನ ಸಂಬಳವನ್ನು ಯಾರೂ ಕೇಳಲಿಲ್ಲ. ವಕೀಲರ ಫೀಸಷ್ಟೇ ಅಲ್ಲ, ಕೋರ್ಟ್ ಶುಲ್ಕ, ಆದೇಶದ ನಕಲಿನ ಖರ್ಚು ಕೂಡ ಅದರಲ್ಲೇ ಬರುತ್ತದೆ. ದೂರ ಇರುವವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಬಹುದು.

ನಮ್ಮ ಪಕ್ಕದ ಬೆಂಚಿನಲ್ಲಿ ದೇವದುರ್ಗದ ಕಡೆಯ ಒಬ್ಬ ಹೆಣ್ಣುಮಗಳು ಕೂತಿದ್ದಳು. ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡುವಾಕೆ. ತಗಡಿನ ಶೆಡ್ಡಿನಲ್ಲಿ ಗಂಡ ಹೊಡೆದು ಕೈ ಮುರಿದಿದ್ದ. ಇಬ್ಬರೂ ತುಂಬಬೇಕಾದ ಅರ್ಜಿ ಒಂದೇ. ನಮ್ಮ ಹುಡುಗಿ ಸುಮ್ನೆ ಅಳುತ್ತಿದ್ದಳು. ಆಕೆ ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, "ನಾ 181ಕ್ಕ ಫೋನ್ ಹಚ್ಚಿದ್ದೆ ತಂಗಿ. ನಿನಗ ಆ ದೇಶದಾಗ ಅಂಥಾ ನಂಬರ ಇದ್ದಿಲ್ಲೇನು?" ಅಂತ ಕೇಳಿದಳು. 181 ನಮ್ಮಲ್ಲಿ ಹೆಂಗಸರ ಸಹಾಯವಾಣಿ. ಅಲ್ಲೂ ಅಂಥ ನಂಬರ್ ಇತ್ತು. ನಾವು ಯಾರೂ ಅವಳಿಗೆ ಕೊಟ್ಟಿರಲಿಲ್ಲ.

ಅಮೆರಿಕದಲ್ಲಿ ನಡೆದದ್ದಕ್ಕೆ ರಾಯಚೂರಿನಲ್ಲಿ ಕೇಸು ಆಗುತ್ತಾ ಅಂತ ತುಂಬಾ ಜನ ಕೇಳುತ್ತಾರೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಆಕೆ ಈಗ ಎಲ್ಲಿ ವಾಸ ಇದ್ದಾಳೋ ಅಲ್ಲಿಯ ಕೋರ್ಟಿಗೆ ಅರ್ಜಿ ಕೊಡಬಹುದು, ತಾತ್ಕಾಲಿಕ ವಾಸ ಆದರೂ ಸರಿ. ಕ್ರೌರ್ಯದ ದೂರನ್ನು ಆಕೆ ಆಶ್ರಯ ಪಡೆದ ಊರಲ್ಲೇ ಕೊಡಬಹುದು ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಆ ಕ್ರೌರ್ಯದ ಅಪರಾಧಕ್ಕೆ ಮೊದಲು ಐಪಿಸಿ 498ಎ ಅನ್ನುತ್ತಿದ್ದೆವಲ್ಲ, ಅದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್. ಕೌಟುಂಬಿಕ ದೌರ್ಜನ್ಯದ ಅರ್ಜಿ 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆಯಲ್ಲಿದೆ. ನಿಜದಲ್ಲಿ ಜಾಸ್ತಿ ಹಿಡಿಯುತ್ತದೆ. ಅದಕ್ಕೇ ನಮ್ಮ ವಕೀಲರು ಮೊದಲ ದಿನವೇ 23ನೇ ಸೆಕ್ಷನ್ ಕೆಳಗೆ ಮಧ್ಯಂತರ ಜೀವನಾಂಶ ಕೇಳಿದರು. ಪಾಸ್‌ಪೋರ್ಟ್ ಬಗ್ಗೆ ಪೊಲೀಸರಿಗೆ ಬೇರೆ ದೂರು ಕೊಡಿಸಿದರು. ದೆಹಲಿಯ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಅನಿವಾಸಿ ಮದುವೆಗಳಿಗೆಂದೇ ಒಂದು ಘಟಕ ಇದೆ, ಅಲ್ಲಿಗೂ ಬರೆದೆವು.

ಎಲ್ಲಕ್ಕಿಂತ ಕಷ್ಟದ್ದು ಆ ಈಮೇಲಿನ ಡಿವೋರ್ಸ್ ಕಾಗದ. ನ್ಯೂಜೆರ್ಸಿಯಲ್ಲಿ ಅದಕ್ಕೆ ಉತ್ತರ ಕೊಡಲು 35 ದಿನ. ಮನೆಯಲ್ಲಿ ಎರಡು ಗುಂಪಾಯಿತು. ಅದನ್ನು ಮುಟ್ಟಲೇಬೇಡ ಅಂತ ಅವಳ ಅಪ್ಪ. ತಕ್ಷಣ ಉತ್ತರ ಬರಿ ಅಂತ ಅಣ್ಣ. ಎರಡೂ ತಪ್ಪಾಗಬಹುದಿತ್ತು. ಸುಮ್ಮನಿದ್ದರೆ ಅಲ್ಲಿ ಏಕಪಕ್ಷೀಯವಾಗಿ ತೀರ್ಪು ಆಗಿಬಿಡಬಹುದು, ಮಗುವಿನ ವಿಚಾರವೂ ಅದರಲ್ಲೇ ಹೋಗಬಹುದು. ಉತ್ತರ ಕೊಟ್ಟರೆ ಆ ಕೋರ್ಟಿನ ಅಧಿಕಾರವನ್ನು ನೀನೇ ಒಪ್ಪಿದೆ ಅಂತ ಮುಂದೆ ವಾದ ಬರಬಹುದು. ವೈ. ನರಸಿಂಹ ರಾವ್ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದರ ಮೇಲೇ ನಿಂತಿದೆ. ನಮ್ಮ ಮದುವೆ ಕಾನೂನಿನಲ್ಲಿ ಇಲ್ಲದ ಕಾರಣಕ್ಕೆ, ಹೆಂಡತಿ ಒಪ್ಪಿ ಹಾಜರಾಗದೆ, ವಿದೇಶದ ಕೋರ್ಟ್ ಕೊಟ್ಟ ಡಿವೋರ್ಸ್ ಇಲ್ಲಿ ನಡೆಯುವುದಿಲ್ಲ ಅಂತ. ಅಧಿಕಾರವನ್ನು ಒಪ್ಪುವುದಿಲ್ಲ ಅಂತ ಮೊದಲೇ ಹೇಳಿ ಹಾಜರಾಗುವ ದಾರಿಯೂ ಇದೆ. ಯಾವುದು ಸರಿ ಅನ್ನುವುದು ಎರಡೂ ಕಡೆಯ ವಕೀಲರು ಮಾತಾಡಿಕೊಂಡಾಗ ಮಾತ್ರ ಗೊತ್ತಾಗುತ್ತದೆ. ರಾತ್ರಿ 8:30ಕ್ಕೆ ಇಲ್ಲಿಂದ ಕರೆ ಮಾಡಿದೆವು, ಅಲ್ಲಿ ಬೆಳಿಗ್ಗೆ 11. ರಾಯಚೂರಿನ ಪ್ಯಾನೆಲ್ ವಕೀಲರು, ಅಲ್ಲಿಯ ಪ್ರೊ ಬೊನೊ (ಪುಕ್ಕಟೆ ಕೆಲಸ ಮಾಡುವ) ವಕೀಲೆ, ಇಬ್ಬರೂ ಒಂದು ಪೈಸೆ ತೆಗೆದುಕೊಳ್ಳದೆ ಒಂದೂವರೆ ತಾಸು ಮಾತಾಡಿದರು. ಇಪ್ಪತ್ತೆಂಟನೇ ದಿನ ಅದು. ಹಿರಿಯರ ಪಂಚಾಯ್ತಿಗೆ ಅಂತ ಮೊದಲ ಮೂರು ವಾರ ಹೋಗಿಬಿಟ್ಟಿತ್ತು. ಅವನ ಕಡೆಯವರು ಪ್ರತಿ ಭಾನುವಾರ "ಮುಂದಿನ ವಾರ ಕೂರೋಣ" ಅಂದಿದ್ದರು. ಆ 35 ದಿನದ ಲೆಕ್ಕ ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿರಬೇಕು.

ಮಕ್ಕಳ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊಡೆತ ತಿಂದ ತಾಯಿಗೆ ಮೊದಲು ಅನ್ನಿಸುವುದು ಮಗುವನ್ನು ಕರೆದುಕೊಂಡು ಊರಿಗೆ ಓಡಬೇಕು ಅಂತ. ಆದರೆ ಇನ್ನೊಬ್ಬರ ಒಪ್ಪಿಗೆ ಅಥವಾ ಕೋರ್ಟಿನ ಆದೇಶ ಇಲ್ಲದೆ ಮಗುವನ್ನು ದೇಶ ಬಿಟ್ಟು ಕರೆತಂದರೆ ಆ ದೇಶದಲ್ಲಿ ಅಪಹರಣದ ಕೇಸು ಬೀಳಬಹುದು. ಮಕ್ಕಳ ಅಪಹರಣದ ಬಗ್ಗೆ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಆದ್ದರಿಂದ ಇಲ್ಲಿಯ ಕೋರ್ಟ್ ಮಗುವಿನ ಹಿತವನ್ನೇ ಮೊದಲು ನೋಡುತ್ತದೆ. ನಿತ್ಯಾ ಆನಂದ್ ರಾಘವನ್ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಹೀಗೇ ಹೇಳಿತು. ಆದರೆ ಇಲ್ಲಿ ಗೆದ್ದ ತಾಯಿ ಮತ್ತೆ ಆ ದೇಶಕ್ಕೆ ಕಾಲಿಡಲು ಆಗದೇ ಹೋಗಬಹುದು. ಟಿಕೆಟ್ ಮಾಡಿಸುವ ಮೊದಲು ಒಂದು ಕರೆ, ಅಷ್ಟೇ ನಾನು ಕೇಳುವುದು. ಜೀವಕ್ಕೇ ಅಪಾಯ ಇದ್ದರೆ ಮೊದಲು ಅದೇ ದೇಶದ ಶೆಲ್ಟರಿಗೆ ಹೋಗಿ, ಮಗುವಿನ ಜೊತೆಗೇ.

"ಮಗುವಿಗೋಸ್ಕರ ಸಹಿಸಿಕೊಳ್ಳಲಿ" ಅಂದವರಿಗೆ ನಾನು ಕಂಡದ್ದನ್ನು ಹೇಳಬೇಕು. ಈ ಮಗು ನಮ್ಮ ಮನೆಯಲ್ಲಿ ಟಿವಿ ನೋಡುತ್ತಿತ್ತು. ಹೊರಗೆ ನನ್ನ ಗಂಡ ಬಾಗಿಲಿಗೆ ಕೀಲಿಕೈ ಹಾಕಿದ ಸಪ್ಪಳ ಆಯಿತು. ಮಗು ಟಿವಿ ಆರಿಸಿ, ತನ್ನ ಚಪ್ಪಲಿ ಸಾಲಾಗಿ ಇಟ್ಟು, ಗೋಡೆಗೆ ಬೆನ್ನು ಹಚ್ಚಿ ನಿಂತುಬಿಟ್ಟಿತು. ನಾಲ್ಕು ವರ್ಷದ ಕೂಸು. ಇದನ್ನು ಅದಕ್ಕೆ ಯಾರೂ ಕೂರಿಸಿ ಕಲಿಸಿಲ್ಲ.

ಬೇರೆ ದೇಶದವರು ಕೇಳಿದ್ದಕ್ಕೆ ಚಿಕ್ಕದಾಗಿ ಹೇಳುತ್ತೇನೆ. ಲೆಸ್ಟರ್‌ನ ತಂಗಿಗೆ: ಬ್ರಿಟನ್ನಿನಲ್ಲಿ ಸಂಗಾತಿ ವೀಸಾದವರು ದೌರ್ಜನ್ಯದಿಂದ ಸಂಸಾರ ಮುರಿದಾಗ ಕಾಯಂ ವಾಸಕ್ಕೆ ತಾವೇ ಅರ್ಜಿ ಹಾಕಬಹುದು. ಅಷ್ಟರೊಳಗೆ ಸರ್ಕಾರದ ನೆರವು ಪಡೆಯಲು ಮೂರು ತಿಂಗಳ ರಿಯಾಯಿತಿ ಇದೆ. 2024ರಿಂದ ಕೆಲಸದ ವೀಸಾ, ವಿದ್ಯಾರ್ಥಿ ವೀಸಾದವರ ಸಂಗಾತಿಗಳಿಗೂ ಆ ರಿಯಾಯಿತಿ ಸಿಗುತ್ತದೆ, ಕಾಯಂ ವಾಸ ಮಾತ್ರ ಇಲ್ಲ. 1979ರಿಂದ ಇರುವ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಅನ್ನುವ ಮಹಿಳಾ ಸಂಸ್ಥೆಯವರನ್ನು ಕೇಳಿ, ಇಲ್ಲವೇ ಸಹಾಯವಾಣಿ 0808 2000 247. ಮೆಲ್ಬರ್ನ್‌ನವರಿಗೆ: ಸಹಾಯವಾಣಿ 1800 737 732. ವಿಕ್ಟೋರಿಯಾದಲ್ಲಿ ಇನ್‌ಟಚ್ ಸಂಸ್ಥೆ ವಲಸೆ ಬಂದ ಹೆಣ್ಣುಮಕ್ಕಳಿಗೇ ವಕೀಲರನ್ನು ಇಟ್ಟುಕೊಂಡಿದೆ. ಗಲ್ಫಿಗೆ ಮನೆಗೆಲಸಕ್ಕೆ ಹೋದ ತನ್ನ ಚಿಕ್ಕಮ್ಮನ ಬಗ್ಗೆ ಕೇಳಿದ ಬಳ್ಳಾರಿಯ ತಮ್ಮನಿಗೆ: ಮೊದಲು ಭಾರತದ ರಾಯಭಾರ ಕಚೇರಿ. ಕಷ್ಟದಲ್ಲಿರುವವರ ವಸತಿಗೂ ಕಾನೂನು ನೆರವಿಗೂ ಅವರ ಬಳಿ ಸಮುದಾಯ ಕಲ್ಯಾಣ ನಿಧಿ ಇದೆ. ನೀನು ಬಳ್ಳಾರಿಯಿಂದಲೇ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಇವತ್ತೇ ಹಾಕಪ್ಪ.

ಕೊನೆಗೆ ಒಂದು ಸಹಾಯ ಬೇಕು. ನಮ್ಮ ಹುಡುಗಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಅಂಗಡಿಯಲ್ಲಿ ಮಾತಾಡುವಷ್ಟು ಇಂಗ್ಲಿಷ್ ಬರುತ್ತದೆ. ಆದರೆ ಗಂಡ ಕತ್ತು ಹಿಡಿದದ್ದನ್ನು ಹೇಳುವಷ್ಟು ಬರುವುದಿಲ್ಲ. ಅಲ್ಲಿಯ ವಕೀಲೆಯ ಜೊತೆಗಿನ ಮೊದಲ ಕರೆಗೆ ಹಿಂದಿ ದುಭಾಷಿಯನ್ನು ಕೊಟ್ಟರು. ಕನ್ನಡವೇ ಬೇಕು ಅಂತ ಕೇಳಿದ ಮೇಲೆ ಒಬ್ಬರು ಬಂದರು, ಒಳ್ಳೆಯವರೇ, ಆದರೆ ನಮ್ಮ ಕಡೆಯ ಮಾತು ಗೊತ್ತಿಲ್ಲ. ಇವಳು "ನನ್ನ ಬಿಟ್ಟಾನ್ರೀ" ಅಂದಳು. ಅವರು ಊರಿಗೆ ತಂದು ಬಿಟ್ಟಿದ್ದಾನೆ ಅಂತ ಅನುವಾದ ಮಾಡಿದರು. ತೊರೆದಿದ್ದಾನೆ ಅನ್ನುವುದೇ ಹೋಯಿತು. ಕೇಸು ನಿಂತಿರುವುದೇ ಆ ಮಾತಿನ ಮೇಲೆ. ನಾನೇ ಕೂರುತ್ತೇನೆ ಅಂದೆ. ವಕೀಲೆ ಬೇಡ ಅಂದರು. ನಾಳೆ ನಾನು ಸಾಕ್ಷಿ ಆಗಬೇಕಾಗಬಹುದು, ಮೇಲಾಗಿ ಪರಿಚಯದವರು ಕೂತರೆ ವಕೀಲರ ಜೊತೆಗಿನ ಮಾತಿನ ಗುಟ್ಟು ಉಳಿಯದೇ ಹೋಗಬಹುದು.

ಅದಕ್ಕೇ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ, ಎರಡೂ ಮನೆತನದ ಪರಿಚಯ ಇಲ್ಲದ, ಇಂಗ್ಲಿಷ್ ಚೆನ್ನಾಗಿ ಬರುವ ಒಬ್ಬ ಹೆಣ್ಣುಮಗಳು ಬೇಕು. ಮುಂದಿನ ಕರೆ ಗುರುವಾರ, ಇಲ್ಲಿಯ ರಾತ್ರಿ 8:30ಕ್ಕೆ. ಒಂದೂವರೆ ತಾಸು ಆಗಬಹುದು. ಕೆಳಗೆ ಹೆಸರು ಬರೆಯಬೇಡಿ, ನನಗೊಬ್ಬಳಿಗೇ ಮೆಸೇಜ್ ಹಾಕಿ.