‘ನರ್ವ್ ಟ್ರಾನ್ಸ್‌ಫರ್’ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ನನ್ನ ತಂಗಿಯ ಮಗನಿಗೆ ಕಿಟಕಿ ಗಾಜು ಹೊಕ್ಕು ಮೊಣಕೈ ಹತ್ತಿರ ನರ ತುಂಡಾಯಿತು. ಕಿರುಬೆರಳಿಗೆ ಮುಟ್ಟಿದ್ದು ಗೊತ್ತಾಗುತ್ತಿರಲಿಲ್ಲ, ಬೆರಳು ಅಗಲಿಸಲು ಆಗುತ್ತಿರಲಿಲ್ಲ. ಅಂಗಿ ಗುಂಡಿ ಹಾಕಲೂ ಅಮ್ಮ ಬರಬೇಕಿತ್ತು. ಡಾಕ್ಟರು ನರ್ವ್ ಟ್ರಾನ್ಸ್‌ಫರ್ ಮಾಡೋಣ ಎಂದರು. ಒಪ್ಪಿಗೆ ಪತ್ರದ ಕನ್ನಡದಲ್ಲಿ ‘ನರ ಕಸಿ’ ಎಂದಿತ್ತು. ತಂಗಿ ಅದನ್ನು ಓದಿದವಳೇ, "ನನ್ನ ಕೈಯಿಂದ ತಗೊಳ್ಳಿ ಸಾರ್" ಎಂದು ತೋಳು ಚಾಚಿದಳು.

ತಪ್ಪು ಅವಳದಲ್ಲ. ಮೂತ್ರಪಿಂಡ ಕಸಿ ಅಂತ ಪೇಪರಿನಲ್ಲಿ ಓದಿದವರಿಗೆ ಕಸಿ ಅಂದರೆ ಒಬ್ಬರದು ಇನ್ನೊಬ್ಬರಿಗೆ ಅಂತಲೇ ಅಲ್ವಾ? ಅಲ್ಲದೆ ನರದ ಕಸಿ ಎಂಬ ಬೇರೆ ಆಪರೇಷನ್ನೇ ಇದೆ. ಕಾಲಿನಿಂದ ನರದ ತುಂಡು ತೆಗೆದು, ಕಡಿದುಹೋದ ಎರಡು ತುದಿಗಳ ನಡುವೆ ಹೊಲಿಯುತ್ತಾರೆ. ಅದಕ್ಕೆ ಆ ಪದ ಸರಿ.

ಇವನಿಗೆ ಮಾಡಿದ್ದು ಹಾಗಲ್ಲ. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಣಕೈಯಿಂದ ಅಂಗೈಗೆ ಬರಲು ಹತ್ತು ತಿಂಗಳ ಮೇಲೇ ಹಿಡಿಯಬಹುದು. ನರವಿಲ್ಲದೆ ಒಂದು, ಒಂದೂವರೆ ವರ್ಷ ಕಳೆದರೆ ಸ್ನಾಯು ಸೊರಗಿಹೋಗಿ, ಆಮೇಲೆ ನರ ಬಂದರೂ ಏಳುವುದು ಕಷ್ಟ. ಅದಕ್ಕೇ ಮಣಿಕಟ್ಟಿನ ಹತ್ತಿರ, ಅಂಗೈಯನ್ನು ಕೆಳಮುಖ ಮಾಡುವ ಒಂದು ಸ್ನಾಯುವಿನ ಒಳ್ಳೆಯ ನರವನ್ನು ಕತ್ತರಿಸಿ, ಬೆರಳಿಗೆ ಹೋಗುವ ನರಕ್ಕೆ ಸೇರಿಸಿದರು. ಅಂಗೈ ತಿರುಗಿಸಲು ಇನ್ನೊಂದು ಸ್ನಾಯು ಇದ್ದೇ ಇದೆ, ಹಾಗಾಗಿ ಜಾಸ್ತಿ ನಷ್ಟವಿಲ್ಲ.

‘ನರ ವರ್ಗಾವಣೆ’ ಅಂದರೆ ನನಗೆ ಸರ್ಕಾರಿ ಆದೇಶದ ನೆನಪಾಗುತ್ತದೆ. ‘ನರ ಜೋಡಣೆ’ ಅಂದರೆ ಕಡಿದ ತುದಿಗಳನ್ನೇ ಸೇರಿಸಿದ ಹಾಗೆ. ನನಗೆ ಹಿಡಿಸಿದ್ದು ‘ನರ ತಿರುವು’. ನೇತ್ರಾವತಿ ನದಿ ತಿರುವು ಅಂತ ಎಲ್ಲರೂ ಕೇಳಿದ್ದೇವೆ. ಒಂದು ಕಡೆ ಹರಿಯುವುದನ್ನು ಇನ್ನೊಂದು ಕಡೆಗೆ ಬಿಡುವುದು, ನಡೆಯುವುದೂ ಅದೇ. ಅಳುಕೂ ಇದೆ. ‘ನರ ತಿರುಚಿಕೊಂಡಿದೆ’ ಎನ್ನುವ ಜನ ‘ತಿರುವು’ ಎಂದರೆ ಹೆದರಿಕೊಂಡಾರು. ‘ನರ’ವೇ ಸಾಕಷ್ಟು ಗೊಂದಲ. ಡ್ರಿಪ್ ಹಾಕುವಾಗ "ನರ ಸಿಗ್ತಿಲ್ಲ" ಅಂತಾರಲ್ಲ, ಅದು ರಕ್ತನಾಳ.

ಇನ್ನೊಂದು ಪದವೂ ಬೇಕು. ಕೊಡುವ ನರಕ್ಕೆ ಏನೆನ್ನೋಣ? ‘ದಾನಿ ನರ’ ಅಂದರೆ ಮತ್ತೆ ತಂಗಿ ತೋಳು ಚಾಚಿಯಾಳು. ‘ಎರವಲು ನರ’ ಅಂದರೆ ವಾಪಸ್ ಕೊಡಬೇಕು, ಇದು ಹಿಂದಕ್ಕೆ ಹೋಗುವುದಲ್ಲ.

ಈಗ ಹುಡುಗ ದಿನಾ ಅಂಗೈಯನ್ನು ಕೆಳಕ್ಕೆ ತಿರುಗಿಸುತ್ತಾ ಬೆರಳು ಅಗಲಿಸಲು ನೋಡುತ್ತಾನೆ. ತಿರುಗಿಸು ಎಂಬ ಹಳೇ ಅಪ್ಪಣೆ ಈಗ ಬೆರಳಿಗೆ ತಲುಪಬೇಕು, ಮಿದುಳು ಅದನ್ನು ಹೊಸದಾಗಿ ಕಲಿಯಬೇಕು. ಮೊನ್ನೆ ಕಿರುಬೆರಳು ಒಂದಿಷ್ಟು ಪಕ್ಕಕ್ಕೆ ಸರಿಯಿತು. ತಂಗಿ ಅತ್ತುಬಿಟ್ಟಳು.

ಈ ವ್ಯಾಯಾಮದ ಹಾಳೆಯನ್ನು ಕನ್ನಡದಲ್ಲಿ ಬರೆದುಕೊಡುತ್ತೇನೆಂದು ಒಪ್ಪಿದ್ದೇನೆ. ಹೊಲ, ತೋಟಕ್ಕೆ ನೀರು ಕಟ್ಟುವಾಗ ಒಂದು ಸಾಲಿನ ನೀರನ್ನು ಇನ್ನೊಂದಕ್ಕೆ ಬಿಡುವುದಕ್ಕೆ ನಿಮ್ಮ ಕಡೆ ಏನಂತಾರೆ? ಯಾವ ಜಿಲ್ಲೆಯ ಮಾತು ಅಂತಲೂ ತಿಳಿಸಿ.