ಜೂನ್‌ನಲ್ಲಿ ರೂಪಿನ್ ಪಾಸ್: ಕರಗುವ ಹಿಮದ ಮೇಲೆ ನಡೆಯುವುದು ಹೇಗೆ?

ಪ್ರಶ್ನೆ (ಕಾಡುದಾರಿ, ಬೆಂಗಳೂರು):
ನಾವು ನಾಲ್ವರು ಸ್ನೇಹಿತರು ಜೂನ್ ಎರಡನೇ ವಾರ ಉತ್ತರಾಖಂಡದ ಧೌಲಾದಿಂದ ಹೊರಟು, ರೂಪಿನ್ ಪಾಸ್ (ಪರ್ವತಸಾಲಿನ ನಡುವಿನ ಎತ್ತರದ ದಾಟುದಾರಿ) ದಾಟಿ, ಹಿಮಾಚಲದ ಸಾಂಗ್ಲಾಕ್ಕೆ ಇಳಿಯಬೇಕೆಂದಿದ್ದೇವೆ. ಕುಮಾರ ಪರ್ವತ, ಕುದುರೆಮುಖ ಹತ್ತಿದ ಅಭ್ಯಾಸವಿದೆಯೇ ಹೊರತು ಹಿಮದ ಮೇಲೆ ಯಾರೂ ಕಾಲಿಟ್ಟವರಲ್ಲ. ಜೂನ್‌ನಲ್ಲಿ ಹೋಗಿಬಂದವರಲ್ಲಿ ಒಬ್ಬರು ತೊಡೆಯುದ್ದ ಹಿಮವಿತ್ತು ಎನ್ನುತ್ತಾರೆ, ಇನ್ನೊಬ್ಬರು ಬಹುಪಾಲು ಕಲ್ಲುದಾರಿಯೇ ಎನ್ನುತ್ತಾರೆ. ನಾವು ಯಾವುದಕ್ಕೆ ಸಿದ್ಧರಾಗಬೇಕು?

ಉತ್ತರ 1 (ಹಳೆಯ ಚಾರಣಿಗ):
ಇಬ್ಬರು ಹೇಳಿದ್ದೂ ನಿಜವಿರಬಹುದು, ಏಕೆಂದರೆ ಸುಮಾರು 4,650 ಮೀಟರ್ ಎತ್ತರದ ಆ ಪಾಸ್‌ನಲ್ಲಿ ಎಷ್ಟು ಹಿಮ ಉಳಿದಿರುತ್ತದೆ ಎಂಬುದು ಆ ವರ್ಷದ ಚಳಿಗಾಲ ಮತ್ತು ಮೇ ತಿಂಗಳ ಬಿಸಿಲನ್ನು ಅವಲಂಬಿಸಿದೆ. ಆದರೆ ತಾರೀಖಿಗಿಂತ ಗಡಿಯಾರವನ್ನು ಹೆಚ್ಚು ನೋಡಿರಿ. ರಾತ್ರಿ ಹೆಪ್ಪುಗಟ್ಟಿದ ಹಿಮ ನಸುಕಿನಲ್ಲಿ ಗಟ್ಟಿಯಾಗಿರುತ್ತದೆ, ಮೈಕ್ರೋಸ್ಪೈಕ್ (ಬೂಟಿನ ಅಡಿಗೆ ತೊಡಿಸುವ ಸಣ್ಣ ಉಕ್ಕಿನ ಮುಳ್ಳುಗಳು) ಚೆನ್ನಾಗಿ ಕಚ್ಚುತ್ತದೆ. ಬಿಸಿಲೇರಿದ ಮೇಲೆ ಅದೇ ಹಿಮ ಕೆಸರಿನಂತಾಗಿ ಮೊಣಕಾಲಿನವರೆಗೆ ಹೂಳುತ್ತದೆ. ಪಾಸ್‌ಗೆ ಮುಟ್ಟಿಸುವ ಕೊನೆಯ ಕಡಿದಾದ ಕೊರಕಲನ್ನು ಬೇಗ ಹತ್ತಿ ಮುಗಿಸಬೇಕು, ಏಕೆಂದರೆ ಹಿಮದ ಹಿಡಿತ ಸಡಿಲವಾದಂತೆ ಮೇಲಿನ ಕಲ್ಲುಗಳೂ ಉರುಳತೊಡಗುತ್ತವೆ. ಆದ್ದರಿಂದಲೇ ದಾರಿಯಲ್ಲಿ ಸಿಗುವ ಜಲಪಾತದ ಮೇಲಿನ ಶಿಬಿರದಿಂದ ತಂಡಗಳು ಇನ್ನೂ ಕತ್ತಲಿರುವಾಗಲೇ ಹೊರಡುತ್ತವೆ. ಗೈಡ್ ಒದ್ದು ಮಾಡಿದ ಮೆಟ್ಟಿಲಿನಲ್ಲೇ ಹೆಜ್ಜೆ ಇಡಿ, ಇಬ್ಬರ ನಡುವೆ ಅಂತರವಿರಲಿ.

ಉತ್ತರ 2 (ಹೊಳೆದಂಡೆ):
ಪಾಸ್‌ಗಿಂತ ನನಗೆ ಹೆಚ್ಚು ಭಯ ತಂದದ್ದು ಹೊಳೆಯ ಮೇಲಿನ ಹಿಮಸೇತುವೆಗಳು. ನೀರು ಕೆಳಗಿನಿಂದ ಕೊರೆಯುತ್ತಾ ಹೋಗುವುದರಿಂದ, ಮೇಲೆ ಅಗಲವಾಗಿ, ಬೆಳ್ಳಗೆ ಕಾಣುವ ಸೇತುವೆ ಒಳಗೆ ಎಷ್ಟು ತೆಳುವಾಗಿದೆಯೆಂದು ನೋಡಿ ಹೇಳಲಾಗದು. ನಮ್ಮ ಗೈಡ್ ಕೋಲಿನಿಂದ ಕುಟ್ಟುತ್ತಾ ಹೋದರು; ಮೊದಲು ನೆಲಕ್ಕೆ ಕುಟ್ಟಿದಂತೆ ದಪ್ಪನೆಯ ಸದ್ದು ಬಂತು, ಎರಡು ಹೆಜ್ಜೆ ಆಚೆಗೆ ಖಾಲಿ ಹಂಡೆಯನ್ನು ಬಡಿದಂತೆ ಕೇಳಿಸಿತು. ಅವರು ಮಾತನಾಡದೆ ಹಿಂದೆ ಬಂದರು, ನಾವು ಒಂದು ಗಂಟೆ ಹೆಚ್ಚು ನಡೆದು ಮೇಲ್ಭಾಗದಲ್ಲಿ ದಾಟಿದೆವು. ಬಂಡೆಗಳ ಅಂಚಿನಲ್ಲೂ ಎಚ್ಚರವಿರಲಿ; ಬಿಸಿಲಿಗೆ ಕಾದ ಬಂಡೆಯ ಸುತ್ತ ಹಿಮ ಬೇಗ ಕರಗಿ ಪೊಳ್ಳಾಗುತ್ತದೆ, ಕಾಲು ಸಿಕ್ಕಿಕೊಂಡರೆ ಉಳುಕದೆ ಬಿಡುವುದಿಲ್ಲ.

ಉತ್ತರ 3 (ಗಿರಿಶಿಖರ):
2024ರ ಜೂನ್ ಮೊದಲ ವಾರ ಉತ್ತರಕಾಶಿ ಭಾಗದ ಸಹಸ್ರ ತಾಲ್ ಚಾರಣದಲ್ಲಿ ಕರ್ನಾಟಕದಿಂದ ಹೋಗಿದ್ದ ತಂಡವು ಹಿಮಬಿರುಗಾಳಿಗೆ ಸಿಲುಕಿ 9 ಮಂದಿ ಪ್ರಾಣ ಕಳೆದುಕೊಂಡರು. ಜೂನ್ ಬಂತೆಂದರೆ ಚಳಿಗಾಲ ಮುಗಿಯಿತು ಎಂದು ಆ ಎತ್ತರದಲ್ಲಿ ಭಾವಿಸಬಾರದು. ಒದ್ದೆಯಾಗದ ಒಂದು ಜೊತೆ ಬಟ್ಟೆ, ಕೈಗವಸು, ಗೇಟರ್ (ಬೂಟಿನೊಳಗೆ ಹಿಮ ನುಗ್ಗದಂತೆ ಕಾಲಿಗೆ ಸುತ್ತುವ ಹೊದಿಕೆ) ಪ್ರತಿಯೊಬ್ಬರ ಬೆನ್ನಚೀಲದಲ್ಲೇ ಇರಲಿ, ಹೇಸರಗತ್ತೆಯ ಮೇಲೆ ಹೇರಿದ ಚೀಲದಲ್ಲಲ್ಲ. ಕಾರ್ಯಕ್ರಮದಲ್ಲಿ ಒಂದು ದಿನವನ್ನಾದರೂ ಖಾಲಿ ಬಿಡಿ. ಮರುದಿನವೇ ವಿಮಾನವಿದೆ ಎಂಬ ಕಾರಣಕ್ಕೆ, ಹಿಂದಿರುಗೋಣ ಎಂದ ಗೈಡ್ ಮೇಲೆ ಒತ್ತಡ ಹೇರುವ ತಂಡಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಾಡುದಾರಿ:
ಎಲ್ಲರಿಗೂ ಧನ್ಯವಾದಗಳು. ವಿಮಾನದ ಟಿಕೆಟ್ಟನ್ನು ಎರಡು ದಿನ ಮುಂದಕ್ಕೆ ಹಾಕಿಸಿದ್ದೇವೆ. ನಮ್ಮಲ್ಲೊಬ್ಬರು ಕನ್ನಡಕ ಧರಿಸುತ್ತಾರೆ. ಹಿಮದ ಬೆಳಕಿಗೆ ಅವರೇನು ಮಾಡಬೇಕು?

ಹಳೆಯ ಚಾರಣಿಗ:
ಕನ್ನಡಕದ ಮೇಲೆಯೇ ಹಾಕಿಕೊಳ್ಳುವಂತಹ, ಪಕ್ಕಗಳನ್ನೂ ಮುಚ್ಚುವ ತಂಪು ಕನ್ನಡಕ ಸಿಗುತ್ತದೆ. ಮೋಡ ಕವಿದಿದ್ದರೂ ಅದನ್ನು ತೆಗೆಯದಿರಲಿ. ಹಿಮದಿಂದ ಪ್ರತಿಫಲಿಸುವ ಕಿರಣಗಳು ಕಣ್ಣನ್ನು ಸುಟ್ಟದ್ದು ತಿಳಿಯುವುದು ಕೆಲವು ಗಂಟೆಗಳ ನಂತರ, ಕಣ್ಣಿಗೆ ಮರಳು ಸುರಿದಂತೆ ಉರಿಯತೊಡಗಿದಾಗ.