ಅಮೆರಿಕದ 15.3 ಪರ್ಸೆಂಟ್ ಟ್ಯಾಕ್ಸ್ ಬೆಳಗಾವಿಯಲ್ಲಿ ಕೂತು ಕೆಲಸ ಮಾಡುವವರಿಗೂ ಬರುತ್ತಾ? ಅನುಭವ ಇದ್ದವರು ಹೇಳಿ

ಕೇಳಿದವರು: ಡ್ರಾಯಿಂಗ್ ಕೆಲಸದವನು, ಬೆಳಗಾವಿ
ಉದ್ಯಮಬಾಗಿನ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಡಿಸೈನ್ ವಿಭಾಗದಲ್ಲಿದ್ದೆ. ಈಗ ಮನೆಯಿಂದಲೇ ಅಮೆರಿಕದ ಒಂದು ಕಂಪನಿಗೆ ಪಂಪ್ ಬಿಡಿಭಾಗಗಳ ಕ್ಯಾಡ್ ಡ್ರಾಯಿಂಗ್ ಮಾಡುತ್ತೇನೆ. ತಿಂಗಳಿಗೆ ಸುಮಾರು 1.20 ಲಕ್ಷ. ಕರಾರಿನಲ್ಲಿ ನಾನು ಇಂಡಿಪೆಂಡೆಂಟ್ ಕಾಂಟ್ರಾಕ್ಟರ್, ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್ (ಸ್ವಂತ ದುಡಿಮೆಯವರು ಅಮೆರಿಕಕ್ಕೆ ಕಟ್ಟುವುದು) ನನ್ನದೇ ಜವಾಬ್ದಾರಿ ಅಂತ ಬರೆದಿದ್ದಾರೆ. ಹುಡುಕಿದರೆ 15.3 ಪರ್ಸೆಂಟ್ ಅಂತ ಬರುತ್ತದೆ. ನನಗೂ ಅದು ಬರುತ್ತಾ? ಇಲ್ಲಿ ಎಷ್ಟು ತೆಗೆದಿಡಬೇಕು?

ಕೋಡಿಂಗ್‌ನವನು, ವಿಜಯಪುರ
ಅಮೆರಿಕದ್ದು ಆಮೇಲೆ. ಮೊದಲು ಇಲ್ಲಿಯ ಅಡ್ವಾನ್ಸ್ ಟ್ಯಾಕ್ಸ್, ಅಂದರೆ ವರ್ಷ ಮುಗಿಯುವ ಮೊದಲೇ ಕಟ್ಟಬೇಕಾದದ್ದು, ನೋಡಿಕೊಳ್ಳಿ. ನಾನು ಕೈ ಸುಟ್ಟುಕೊಂಡಿದ್ದು ಅದರಲ್ಲೇ. 2023-24ರಲ್ಲಿ ನನಗೆ ಬಂದದ್ದು 17,60,000. 44ಎಡಿಎ ಸೆಕ್ಷನ್ ಹಾಕಿದೆ, ಖರ್ಚಿನ ಲೆಕ್ಕ ಕೊಡದೆ ಬಂದದ್ದರಲ್ಲಿ ಅರ್ಧವನ್ನು ಆದಾಯ ಅಂತ ತೋರಿಸುವುದು, ಅಂದರೆ 8,80,000. ಹೊಸ ಪದ್ಧತಿಯಲ್ಲಿ ಟ್ಯಾಕ್ಸ್ 43,000, ಸೆಸ್ 1,720. ಮಾರ್ಚ್ 15ರ ಒಳಗೆ ಕಟ್ಟಬೇಕಿತ್ತು. ನೌಕರಿಯಲ್ಲಿದ್ದಾಗ ಸಂಬಳದಲ್ಲೇ ಹಿಡಿದುಕೊಳ್ಳುತ್ತಿದ್ದರು, ಹಾಗಾಗಿ ನನಗದು ಹೊಳೆಯಲೇ ಇಲ್ಲ. ಆ ದುಡ್ಡಿನಲ್ಲಿ ಮನೆಯ ಮೇಲೆ ಒಂದು ಖೋಲಿ ಕಟ್ಟಿಸಿದೆ. ಜುಲೈ 29ಕ್ಕೆ ರಿಟರ್ನ್ ತುಂಬಲು ಕೂತಾಗ ಅಡ್ವಾನ್ಸ್ ಕಟ್ಟದ್ದಕ್ಕೆ 234ಬಿ ಬಡ್ಡಿ 1,788, 234ಸಿ ಬಡ್ಡಿ 447. ಒಟ್ಟು 46,960. ಖಾತೆಯಲ್ಲಿ ಇದ್ದದ್ದು ಹನ್ನೊಂದು ಸಾವಿರ.

ಹೆಂಡತಿಯ ಬಳೆ ಅಡ ಇಟ್ಟೆ. ಅವು ಅವಳ ಕೈಯಿಂದ ಬರಲಿಲ್ಲ. ಬಚ್ಚಲಿಗೆ ಹೋಗಿ ಸೋಪು ಹಚ್ಚಿ ತೆಗೆದು, ಒರೆಸಿ, ಟೇಬಲ್ ಮೇಲೆ ಇಟ್ಟಳು. ಒಂದು ಮಾತೂ ಆಡಲಿಲ್ಲ. ಬಿಡಿಸಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಈಗ ಬಿಲ್ಲಿನ ದುಡ್ಡು ಬಂದ ದಿನವೇ ನೂರಕ್ಕೆ ಹತ್ತು ಬೇರೆ ಖಾತೆಗೆ ಹೋಗುತ್ತದೆ.

ವಾಪಸ್ ಬಂದವನು, ಹಿಂದವಾಡಿ, ಬೆಳಗಾವಿ
15.3 ಕಟ್ಟಲೇಬೇಕು. ತಪ್ಪಿಸಿಕೊಳ್ಳುವ ದಾರಿ ಹುಡುಕಬೇಡಿ. ನಾನು ಕಟ್ಟುತ್ತಿದ್ದೇನೆ. ತಾಯಿಗೆ ಲಕ್ವ ಹೊಡೆದ ಮೇಲೆ ಇಲ್ಲಿಗೆ ಬಂದೆ, ಹಳೆಯ ಕೆಲಸವನ್ನೇ ಕಾಂಟ್ರಾಕ್ಟ್ ಮೇಲೆ ಮುಂದುವರಿಸಿದೆ. ಒಂದು ವರ್ಷ ಖರ್ಚು ಕಳೆದು 30,000 ಡಾಲರ್ ಉಳಿಯಿತು. ಅದರ 92.35 ಪರ್ಸೆಂಟ್ 27,705. ಅದಕ್ಕೆ 15.3, ಅಂದರೆ 4,239 ಡಾಲರ್. ಹೊರದೇಶದ ಗಳಿಕೆ ಅಂತ ಅಲ್ಲಿಯ ಇನ್‌ಕಮ್ ಟ್ಯಾಕ್ಸ್ ಸೊನ್ನೆ ಆಯಿತು, ಇದು ಮಾತ್ರ ಒಂದು ಪೈಸೆ ಕಡಿಮೆ ಆಗಲಿಲ್ಲ. 12.4 ಸೋಷಿಯಲ್ ಸೆಕ್ಯುರಿಟಿಗೆ (ಅಲ್ಲಿಯ ಪಿಂಚಣಿ), 2.9 ಮೆಡಿಕೇರ್‌ಗೆ (ವಯಸ್ಸಾದವರ ಆರೋಗ್ಯ ವಿಮೆ). ನೌಕರಿಯಲ್ಲಿದ್ದಾಗ ಅರ್ಧ ಕಂಪನಿ ಹಾಕುತ್ತಿತ್ತು, ಈಗ ಎರಡೂ ಪಾಲು ನನ್ನದೇ. ಕಂತು ಕಟ್ಟುವ ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿ 15 ಬಂತೆಂದರೆ ನಿದ್ದೆ ಬರುವುದಿಲ್ಲ.

ಅನುವಾದಕಿ, ನವನಗರ, ಬಾಗಲಕೋಟೆ
ಹಿಂದವಾಡಿಯವರೇ, ನಿಮ್ಮ ಹತ್ತಿರ ಗ್ರೀನ್ ಕಾರ್ಡ್ ಇದೆ ಅಲ್ವಾ? ಅದನ್ನು ಮೊದಲು ಹೇಳಬೇಕಿತ್ತು. ಇಲ್ಲೇ ಇದ್ದು ಇಲ್ಲೇ ಕೆಲಸ ಮಾಡುವ, ಅಮೆರಿಕದ ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಇಲ್ಲದವರಿಗೆ ಈ 15.3 ಇಲ್ಲವೇ ಇಲ್ಲ. ಕೇಳಿದವರನ್ನು ಸುಮ್ನೆ ಹೆದರಿಸಬೇಡಿ.

ಅವರಿಗೆ ಬೇಕಾದದ್ದು ಡಬ್ಲ್ಯೂ-8 ಬೆನ್ ಫಾರ್ಮ್, ನಾವು ಅಮೆರಿಕದವರಲ್ಲ ಅಂತ ಕಂಪನಿಗೆ ಬರೆದುಕೊಡುವುದು. ಅದಿಲ್ಲದೆ ನನಗೆ ಪೆಟ್ಟು ಬಿದ್ದಿತ್ತು. ಮೊದಲ ಬಿಲ್ಲು 640 ಡಾಲರ್. ಬಂದದ್ದು 448. ಮೂವತ್ತು ಪರ್ಸೆಂಟ್, 192 ಡಾಲರ್, ಮುರಿದುಕೊಂಡಿದ್ದರು. ಬ್ಯಾಂಕಿನವರು ಹೊಡೆದರೇನೋ ಅಂತ ಎರಡು ದಿನ ಅಲ್ಲಿಗೆ ಅಲೆದೆ. ಆಮೇಲೆ ಗೊತ್ತಾಯಿತು, ನಾನು ಯಾವ ದೇಶದವಳು ಅಂತ ಅವರ ಕಡತದಲ್ಲಿ ಕಾಗದವೇ ಇರಲಿಲ್ಲ. ಫಾರ್ಮ್ ಕಳಿಸಿದ ಮೇಲೆ ಪೂರ್ತಿ ಬಂತು. ಆದರೆ ಆ 192 ಅಲ್ಲಿಯ ಸರ್ಕಾರಕ್ಕೆ ಹೋಗಿಯಾಗಿತ್ತು. ವಾಪಸ್ ಬೇಕಾದರೆ ಅಲ್ಲಿಯ ಟ್ಯಾಕ್ಸ್ ನಂಬರ್ ತೆಗೆದುಕೊಂಡು ಅಲ್ಲೇ ರಿಟರ್ನ್ ತುಂಬಬೇಕು. ಒಂದೂವರೆ ತಿಂಗಳು ಎರಡು ಪುಸ್ತಕ ಅನುವಾದಿಸಿ ಗಳಿಸಿದ ದುಡ್ಡದು.

ವಾಪಸ್ ಬಂದವನು, ಹಿಂದವಾಡಿ
ಹೌದು, ಗ್ರೀನ್ ಕಾರ್ಡ್ ಇದೆ. ಹೆದರಿಸಲು ಬರೆದಿಲ್ಲ. ಒಂದೇ ದೇಶದಲ್ಲಿ ಕಟ್ಟಿದರೆ ಸಾಕು ಅನ್ನುವ ಸೋಷಿಯಲ್ ಸೆಕ್ಯುರಿಟಿ ಒಪ್ಪಂದ ಭಾರತಕ್ಕೂ ಅಮೆರಿಕಕ್ಕೂ ಇಲ್ಲ. ಇದ್ದಿದ್ದರೆ ನನ್ನಂಥವರು ಇಷ್ಟು ಕಟ್ಟಬೇಕಾಗಿರಲಿಲ್ಲ. ಅಲ್ಲಿಯ ಪಿಂಚಣಿಗೆ 40 ಕ್ರೆಡಿಟ್ (ಈ ಟ್ಯಾಕ್ಸ್ ಕಟ್ಟಿದ ಗಳಿಕೆಗೆ ಸಿಗುವ ಅಂಕ) ಬೇಕು, ನನಗೆ 31 ಆಗಿದೆ. ವರ್ಷಕ್ಕೆ ನಾಲ್ಕಕ್ಕಿಂತ ಜಾಸ್ತಿ ಸಿಗುವುದಿಲ್ಲ. 40 ಆಗದಿದ್ದರೆ ಹಿಂದೆ ಕಟ್ಟಿದ್ದೂ ಪಿಂಚಣಿಗೆ ಬರುವುದಿಲ್ಲ ಅಂತ ಕಟ್ಟುತ್ತಿದ್ದೇನೆ. ಅದನ್ನು ತಪ್ಪು ಅನ್ನಲು ನೀವು ಯಾರು?

ಕೋಡಿಂಗ್‌ನವನು, ವಿಜಯಪುರ
ನವನಗರದ ಅಕ್ಕಾವ್ರೇ, ನೀವು 44ಎಡಿಎ ಹಾಕುತ್ತೀರಾ? ಅನುವಾದ ಆ ಪಟ್ಟಿಯಲ್ಲಿ ಇಲ್ಲ.

ಅನುವಾದಕಿ, ನವನಗರ
ಇಲ್ಲ ಅಂತ ಗೊತ್ತು. ವಕೀಲರು, ಡಾಕ್ಟರು, ಎಂಜಿನಿಯರು, ಐಟಿಯವರು, ಇಂಥವರದ್ದೇ ಪಟ್ಟಿ ಅದು. ನನ್ನದು 44ಎಡಿ, ಸಣ್ಣ ವ್ಯವಹಾರದವರದ್ದು.

ಕೋಡಿಂಗ್‌ನವನು, ವಿಜಯಪುರ
ಅಂದರೆ ನೂರಕ್ಕೆ ಆರು ಲಾಭ! ನಾನು ಐವತ್ತು ತೋರಿಸಿ ಬಳೆ ಅಡ ಇಡಬೇಕು, ನೀವು ಆರು ತೋರಿಸಿ ಆರಾಮಾಗಿ ಇರಬೇಕು. ಇದು ಸರಿನಾ?

ಅನುವಾದಕಿ, ನವನಗರ
ಆರು ಅನ್ನುವುದು ಕನಿಷ್ಠ. ನಿಜವಾಗಿ ಜಾಸ್ತಿ ಉಳಿದರೆ ಜಾಸ್ತಿಯೇ ತೋರಿಸಬೇಕು. ನಾನು ಹೋದ ವರ್ಷ 62 ತೋರಿಸಿದ್ದೇನೆ. ಕರೆಂಟು, ನೆಟ್ಟು, ನಿಘಂಟು, ಟೈಪಿಂಗ್ ಮಾಡಿಕೊಡುವ ಹುಡುಗಿಯ ಕೂಲಿ, ಎಲ್ಲ ಒಂದು ರೂಲ್ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದೇನೆ. ನೋಡದೆ ಕಳ್ಳತನ ಅನ್ನುವ ಹಾಗೆ ಮಾತಾಡಬೇಡಿ.

ಕೋಡಿಂಗ್‌ನವನು, ವಿಜಯಪುರ
ಕಳ್ಳತನ ಅಂತ ಅಂದಿಲ್ಲ. ಆದರೆ ಒಂದು ಸಲ ಈ ಅಂದಾಜು ಲಾಭದ ಪದ್ಧತಿ ಬಿಟ್ಟರೆ ಐದು ವರ್ಷ ವಾಪಸ್ ಬರಲು ಆಗುವುದಿಲ್ಲ. ಕೇಳಿದವರು ಅದನ್ನೂ ತಿಳಿದಿರಲಿ.

ಅನುವಾದಕಿ, ನವನಗರ
ಅದು 44ಎಡಿಗೆ ಮಾತ್ರ. 44ಎಡಿಎಗೆ ಆ ಐದು ವರ್ಷದ ಕಟ್ಟು ಇಲ್ಲ. ಡ್ರಾಯಿಂಗ್ ಕೆಲಸ ಎಂಜಿನಿಯರಿಂಗ್‌ನಲ್ಲಿ ಬರುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಅಂತ ಸೆಕ್ಷನ್ ನಂಬರುಗಳು ಬೇರೆ, ನಾವೆಲ್ಲ ಹಳೆಯ ನಂಬರಿನಲ್ಲೇ ಮಾತಾಡುತ್ತಿದ್ದೇವೆ.

ಕಬ್ಬಿನ ಹೊಲದವನು, ಮುಧೋಳ
ಯಾರೂ ಹೊಲದ ಮಾತು ಎತ್ತಲಿಲ್ಲ. ನಮ್ಮ ಕಡೆ ಹೊಲ ಇಲ್ಲದವರು ಎಷ್ಟು ಮಂದಿ? ನಾನೂ ಮನೆಯಿಂದ ಕೋಡಿಂಗ್ ಮಾಡುತ್ತೇನೆ. 2023-24ರಲ್ಲಿ ಅದರ ಆದಾಯ 8 ಲಕ್ಷ, ಕಬ್ಬಿನದು 3.40 ಲಕ್ಷ. ಊರಿನ ಒಂದು ಅಂಗಡಿಯಲ್ಲಿ 1,500 ಕೊಟ್ಟು ಐಟಿಆರ್-4 (ಅಂದಾಜು ಲಾಭ ತೋರಿಸುವವರ ಸರಳ ರಿಟರ್ನ್ ಫಾರ್ಮ್) ತುಂಬಿಸಿದೆ. ಆ ಫಾರ್ಮಿನಲ್ಲಿ ಕೃಷಿ ಆದಾಯ 5,000ಕ್ಕಿಂತ ಜಾಸ್ತಿ ತೋರಿಸಲು ಬರುವುದಿಲ್ಲ. ಅವನು ನನ್ನನ್ನು ಕೇಳದೆ 5,000 ಅಂತಲೇ ಬರೆದುಬಿಟ್ಟಿದ್ದ! ದೀಪಾವಳಿಗೆ ಕಾಗದ ತಿರುವಿ ಹಾಕುವಾಗ ಕಣ್ಣಿಗೆ ಬಿತ್ತು. ಇನ್ನೊಬ್ಬರಿಗೆ 6,000 ಕೊಟ್ಟು ಡಿಸೆಂಬರ್ ಮುಗಿಯುವುದರೊಳಗೆ ಐಟಿಆರ್-3ರಲ್ಲಿ ತಿದ್ದಿಸಿದೆ. ಟ್ಯಾಕ್ಸ್ 36,400 ಇದ್ದದ್ದು 64,480 ಆಯಿತು. 28,080 ಜಾಸ್ತಿ, ಮೇಲೆ ಬಡ್ಡಿ.

ಕೋಡಿಂಗ್‌ನವನು, ವಿಜಯಪುರ
ರೈತನ ಆದಾಯಕ್ಕೆ ಟ್ಯಾಕ್ಸ್ ಇಲ್ಲ. ಇಲ್ಲದ್ದನ್ನು ಮೈಮೇಲೆ ಎಳೆದುಕೊಂಡಿದ್ದೀರಿ.

ಕಬ್ಬಿನ ಹೊಲದವನು, ಮುಧೋಳ
ಕಬ್ಬಿಗೆ ಟ್ಯಾಕ್ಸ್ ಹಾಕಿದರು ಅಂತ ನಾನೆಲ್ಲಿ ಬರೆದೆ? ಸ್ಲ್ಯಾಬ್ ಲೆಕ್ಕಕ್ಕೆ ಕಬ್ಬಿನ ದುಡ್ಡು ಸೇರಿಸುತ್ತಾರೆ, ಆಗ ಕೋಡಿಂಗ್ ದುಡ್ಡು ಮೇಲಿನ ಮೆಟ್ಟಿಲಿಗೆ ಹೋಗುತ್ತದೆ. ಹತ್ತು ಎಕರೆ ದ್ರಾಕ್ಷಿ ಇಟ್ಟುಕೊಂಡು ಏನೂ ತೋರಿಸದೆ ಕೂತವರು ನಿಮ್ಮ ಜಿಲ್ಲೆಯಲ್ಲೇ ಇದ್ದಾರೆ.

ಕೋಡಿಂಗ್‌ನವನು, ವಿಜಯಪುರ
ದ್ರಾಕ್ಷಿ ಸುದ್ದಿಗೆ ಬರಬೇಡಿ. ಒಂದು ಅಕಾಲದ ಮಳೆಗೆ ನಮ್ಮ ಮಾವನ ತೋಟ ಪೂರ್ತಿ ಕೊಳೆತಿದೆ. ನಿಮಗೆ ಕಾರ್ಖಾನೆಯಿಂದ ಗ್ಯಾರಂಟಿ ದುಡ್ಡು ಬರುತ್ತದೆ.

ಕಬ್ಬಿನ ಹೊಲದವನು, ಮುಧೋಳ
ಗ್ಯಾರಂಟಿ? ಕಬ್ಬು ಕಳಿಸಿದ 14 ದಿನದಲ್ಲಿ ಕೊಡಬೇಕು, ತಡವಾದರೆ 15 ಪರ್ಸೆಂಟ್ ಬಡ್ಡಿ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ನನಗೆ ಐದು ತಿಂಗಳಿಗೆ ಬಂತು. ಬಡ್ಡಿ ಒಂದು ರೂಪಾಯಿ ಬರಲಿಲ್ಲ. ನಾನು ಟ್ಯಾಕ್ಸ್ ತಡ ಮಾಡಿದ್ದಕ್ಕೆ ಮಾತ್ರ ತಿಂಗಳಿಗೆ ಒಂದು ಪರ್ಸೆಂಟ್ ಹಿಡಿದರು.

ಡ್ರಾಯಿಂಗ್ ಕೆಲಸದವನು, ಬೆಳಗಾವಿ
ಎಲ್ಲರಿಗೂ ಧನ್ಯವಾದ. ಗ್ರೀನ್ ಕಾರ್ಡ್ ಇಲ್ಲ. ಹಾಗಾದರೆ ತಿಂಗಳಿಗೆ ಎಷ್ಟು ತೆಗೆದಿಡಲಿ?

ಅನುವಾದಕಿ, ನವನಗರ
ವರ್ಷಕ್ಕೆ 14.40 ಲಕ್ಷ, ಅರ್ಧ 7.20. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದ ತನಕ ರಿಬೇಟ್ ಇದೆ, ಟ್ಯಾಕ್ಸ್ ಬರುವುದಿಲ್ಲ. ರಿಟರ್ನ್ ಮಾತ್ರ ತುಂಬಲೇಬೇಕು. ರಸೀದಿ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ಡಬ್ಲ್ಯೂ-8 ಬೆನ್ ಸಹಿ ಹಾಕಿದ ವರ್ಷ ಬಿಟ್ಟು ಮೂರನೇ ವರ್ಷದ ಡಿಸೆಂಬರ್‌ಗೆ ಮುಗಿಯುತ್ತದೆ, ಗೋಡೆ ಕ್ಯಾಲೆಂಡರ್ ಮೇಲೆ ಬರೆದುಕೊಳ್ಳಿ.

ಕಬ್ಬಿನ ಹೊಲದವನು, ಮುಧೋಳ
ಹೊಲ ಇದೆಯಾ ಅಂತ ಅವರನ್ನು ಯಾರಾದರೂ ಕೇಳಿದಿರಾ?

ಡ್ರಾಯಿಂಗ್ ಕೆಲಸದವನು, ಬೆಳಗಾವಿ
ಖಾನಾಪುರ ಕಡೆ ಎರಡು ಎಕರೆ ಭತ್ತದ ಗದ್ದೆ ಇದೆ. ಅಪ್ಪನ ಹೆಸರಲ್ಲಿದೆ, ಅವರೇ ಮಾಡುತ್ತಾರೆ.

ಕಬ್ಬಿನ ಹೊಲದವನು, ಮುಧೋಳ
ಹಾಗಾದರೆ ಅದು ಅವರ ಆದಾಯ, ನಿಮಗೆ ತೊಂದರೆ ಇಲ್ಲ. ನನ್ನಪ್ಪ ತೀರಿಕೊಂಡ ವರ್ಷವೇ ಹೊಲ ನನ್ನ ಹೆಸರಿಗೆ ಬಂದಿತ್ತು.